ಹಳೆ ಮನೆ ಗೋಡೆಗೆ ಸಿಮೆಂಟೋ, ಗಾರೆಯೋ, ಮಣ್ಣೋ? ಬಿಸಿಲಿಗೆ ಏನು ಮಾಡಬೇಕು?

ನಮ್ಮ ತಾತನ ಮನೆ ಚಿತ್ರದುರ್ಗದಲ್ಲಿ, ಕೋಟೆ ಕಡೆಗೆ ಹೋಗುವ ಹಳೆ ಬೀದಿಯಲ್ಲಿದೆ. ಪಡಸಾಲೆ, ನಡುಮನೆ ಎರಡಕ್ಕೂ ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಅಡುಗೆಮನೆ, ಬಚ್ಚಲು, ಹಿಂದಿನ ಕೋಣೆ ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದ್ದು. ಗೋಡೆ ಉದುರುತ್ತಿದೆ ಎಂದು ಒಬ್ಬ ಕಂಟ್ರಾಕ್ಟರ್‌ಗೆ ಕೆಲಸ ಒಪ್ಪಿಸಿದೆವು. ಅವರು ಇಡೀ ಮನೆಗೆ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿ, ಪುಟ್ಟಿ ಎಳೆದು, ಪೇಂಟ್ ಹೊಡೆದು ಕೊಟ್ಟರು. ನೋಡಲು ಹೊಸ ಮನೆಯಂತೆಯೇ ಇತ್ತು.

ಎರಡು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ನಡುಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಒಳಗೆ ಪೊಳ್ಳು ಇರುವ ಹಾಗೆ ಟೊಕ್ ಟೊಕ್ ಸದ್ದು ಬಂತು. ಬಿರುಕಿನ ಬಾಯಿಗೆ ಕರಣೆ ತೂರಿಸಿ ಸ್ವಲ್ಪ ಎಬ್ಬಿಸಿದ್ದೇ ತಡ, ಊಟದ ಎಲೆಯಷ್ಟು ಅಗಲದ ಸಿಮೆಂಟಿನ ಹಪ್ಪಳ ಹಾಗೇ ಕೈಗೆ ಬಂತು. ಹಿಂದಿನ ಮಣ್ಣು ಒದ್ದೆ. ಹಿಡಿದರೆ ಬೆರಳಿಗೆ ಅಂಟುತ್ತಿತ್ತು. ಸಿಮೆಂಟಿನ ಬೆನ್ನಿಗೆ ಬಿಳಿ ಉಪ್ಪು ಹತ್ತಿ ಹಿಟ್ಟು ಉದುರಿದ ಹಾಗಿತ್ತು. ವಿಚಿತ್ರ ಅಂದ್ರೆ ಹಿಂದಿನ ಇಟ್ಟಿಗೆ ಕೋಣೆಗೆ ಅದೇ ಕೈ, ಅದೇ ಸಿಮೆಂಟು, ಅದೇ ವಾರ ಹಚ್ಚಿದ್ದು. ಅಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ.

ಆ ದಿನದಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಯಾವ ಪ್ಲಾಸ್ಟರ್ ಒಳ್ಳೆಯದು ಎಂದು ಕೇಳುವ ಮೊದಲು ನನ್ನ ಗೋಡೆ ಯಾವುದರದ್ದು ಎಂದು ಕೇಳಿಕೊಳ್ಳಬೇಕು. ಒಂದೇ ಮನೆಯಲ್ಲಿ ಎರಡು ಮೂರು ಬಗೆಯ ಗೋಡೆ ಇದ್ದರೆ ಎರಡು ಮೂರು ಬಗೆಯ ಪ್ಲಾಸ್ಟರೇ ಬೇಕಾಗುತ್ತದೆ.

ಮೊದಲು ಗೋಡೆ, ಅದಕ್ಕೂ ಮೊದಲು ನೀರು

ಬಾಗಿಲ ಹಿಂದೆಯೋ ಅಟ್ಟದ ಕೆಳಗೋ, ಯಾರ ಕಣ್ಣಿಗೂ ಬೀಳದ ಕಡೆ ಒಂದು ಗೇಣು ಜಾಗ ಕೆರೆದು ನೋಡಿ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ಬಗೆ. ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ್ದು. ಬರೀ ಮಣ್ಣಿನ ಗೋಡೆ. ಸುಟ್ಟ ಇಟ್ಟಿಗೆಯನ್ನು ಗಾರೆಯಲ್ಲಿ, ಅಂದರೆ ಸುಣ್ಣ ಮರಳಿನ ಕಲಸಿನಲ್ಲಿ ಕಟ್ಟಿದ್ದು, ಇದು ದಾವಣಗೆರೆಯ ಹಳೆ ಪೇಟೆ ಮನೆಗಳಲ್ಲಿ ಜಾಸ್ತಿ. ಕೊನೆಯದು ಇಟ್ಟಿಗೆಯನ್ನು ಸಿಮೆಂಟಿನಲ್ಲಿ ಕಟ್ಟಿದ್ದು. ಸಂದಿಯಲ್ಲಿರುವುದನ್ನು ಮೊಳೆಯಿಂದ ಕೆದಕಿ. ಕೆಂಪಗೆ ಪುಡಿಯಾಗಿ ನೀರಿನಲ್ಲಿ ಕರಗಿದರೆ ಮಣ್ಣು. ಬಿಳಿ ಅಥವಾ ನಸುಗೆಂಪು ಬಣ್ಣವಿದ್ದು ಮೊಳೆಗೆ ಸುಲಭವಾಗಿ ಉದುರಿದರೆ ಗಾರೆ. ಬೂದು ಬಣ್ಣವಿದ್ದು ಮೊಳೆ ಜಾರಿದರೆ ಸಿಮೆಂಟು.

ಆಮೇಲೆ ನೀರಿನ ಲೆಕ್ಕ. ಬೀದಿಗೆ ನಿಂತು ನೋಡಿ. ಹಳೆ ಬೀದಿಗಳಲ್ಲಿ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಸಿಸಿ ರಸ್ತೆ ಬಿದ್ದು, ರಸ್ತೆ ಮನೆಯ ನೆಲಕ್ಕಿಂತ ಎತ್ತರಕ್ಕೆ ಬಂದಿರುತ್ತದೆ. ಮಳೆ ನೀರು ಗೋಡೆ ಬುಡಕ್ಕೇ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಜೊತೆಗೆ ಬಚ್ಚಲಿನ ಪೈಪು ಸೋರುತ್ತಿತ್ತು, ಚರಂಡಿ ಗೋಡೆಗೆ ಅಂಟಿಕೊಂಡಿತ್ತು. ಇದನ್ನು ಸರಿ ಮಾಡದೆ ಯಾವ ಪ್ಲಾಸ್ಟರ್ ಹಚ್ಚಿದರೂ ದುಡ್ಡು ದಂಡ. ಗೋಡೆಯ ಹೊರಬದಿಯಲ್ಲಿ ಒಂದು ಅಡಿ ಅಗಲ ಮಣ್ಣು ತೆಗೆದು, ಒಳಗಿನ ನೆಲಕ್ಕಿಂತ ತಗ್ಗು ಮಾಡಿ, ಜಲ್ಲಿ ತುಂಬಿ, ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಕೊಡಿಸಿ. ಮಣ್ಣಿನ ಬುನಾದಿ ಸಡಿಲವಾಗಿದ್ದರೆ ಆಳಕ್ಕೆ ಅಗೆಯಬೇಡಿ, ಮೊದಲು ತಿಳಿದವರಿಗೆ ತೋರಿಸಿ.

ತೇವ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಂಡರೆ ನೀರು ಗೋಡೆಯೊಳಗಿನದು. ಹಾಳೆಯ ಮೇಲೆ ಕಂಡರೆ ಕೋಣೆಯ ಗಾಳಿಯದು, ಅದಕ್ಕೆ ಕಿಟಕಿ ತೆಗೆದರೆ ಸಾಕು. ಕಲೆ ನೆಲದಿಂದ ಮೂರಡಿವರೆಗೆ ಮಾತ್ರ ಇದ್ದರೆ ಬುಡದಿಂದ ಏರಿದ್ದು. ಮೇಲಿನಿಂದ ಕೆಳಗೆ ಇಳಿದಿದ್ದರೆ ಮಾಳಿಗೆಯೋ ತಾರಸಿಯೋ ಸೋರುತ್ತಿದೆ.

ಸಿಮೆಂಟು

ಸಿಮೆಂಟನ್ನು ಬೈಯುವುದು ನನ್ನ ಉದ್ದೇಶವಲ್ಲ. ಇಟ್ಟಿಗೆ ಸಿಮೆಂಟಿನ ಗೋಡೆಗೆ, ಬಚ್ಚಲಿಗೆ, ನೀರು ಚಿಮ್ಮುವ ಜಾಗಕ್ಕೆ ಅದೇ ಸರಿ. ಎಲ್ಲಾ ಮೇಸ್ತ್ರಿಗಳಿಗೂ ಕೈ ಪಳಗಿದೆ, ಕೆಲಸ ಬೇಗ ಮುಗಿಯುತ್ತದೆ. ಒಳಗೋಡೆಗೆ ಒಂದಕ್ಕೆ ಆರು ಪಾಲು ಮರಳು, ಅರ್ಧ ಇಂಚು ದಪ್ಪ. ಹೊರಗೋಡೆಗೆ ಒಂದಕ್ಕೆ ನಾಲ್ಕು ಅಥವಾ ಐದು, ಮುಕ್ಕಾಲು ಇಂಚಿನವರೆಗೆ. ಒಳಗೋಡೆ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು ಮುಕ್ಕಾಲು ಚೀಲ ಸಿಮೆಂಟು ಹಿಡಿಯುತ್ತದೆ. ಮೇಸ್ತ್ರಿ ಕೇಳುವ ಚೀಲದ ಲೆಕ್ಕ ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಯಾಕೆ ಎಂದು ಕೇಳಿ. ಗೋಡೆ ಅಂಕುಡೊಂಕಾಗಿದ್ದರೆ ಜಾಸ್ತಿ ಹಿಡಿಯುವುದು ಸಹಜ. ಕಲ್ಲು ಪುಡಿ ಮಾಡಿದ ಮರಳಿನಲ್ಲಿ ಕಾಂಕ್ರೀಟಿಗೆ ಹಾಕುವ ತರಿ ತರಿ ಎಂ ಸ್ಯಾಂಡ್ ಬೇಡ, ಪ್ಲಾಸ್ಟರಿಗೆಂದೇ ಬರುವ ನುಣ್ಣಗಿನ ಪಿ ಸ್ಯಾಂಡ್ ತರಿಸಿ. ಕನಿಷ್ಠ ಏಳು ದಿನ ನೀರು ಹೊಡೆಯಿರಿ.

ಮಣ್ಣಿನ ಗೋಡೆಗೆ ಮಾತ್ರ ಸಿಮೆಂಟು ಬೇಡವೇ ಬೇಡ. ನನಗೆ ಇದನ್ನು ಬಿಡಿಸಿ ಹೇಳಿದವರು ಹಿರಿಯೂರು ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ಬಿದ್ದ ಹಪ್ಪಳವನ್ನು ಕೈಯಲ್ಲಿ ತಿರುಗಿಸಿ ನೋಡಿ, "ನೋಡಪ್ಪ, ಮಣ್ಣಿನ ಗೋಡೆಗೆ ಬೆವರು ಬರುತ್ತೆ. ಬೆವರಿಗೆ ದಾರಿ ಬಿಡಬೇಕು. ನೀವು ಅದಕ್ಕೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದೀರಿ" ಎಂದರು. ಅದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರೂ ನನಗೆ ಹೇಳಿರಲಿಲ್ಲ. ಮಣ್ಣು ನೀರು ಕುಡಿದಾಗ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಅಲುಗಾಡುವುದಿಲ್ಲ. ಕೂದಲೆಳೆ ಬಿರುಕು ಬೀಳುತ್ತದೆ. ಮಳೆ ನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ಆದರೆ ಆವಿಯಾಗಿ ಹೊರಗೆ ಬರಲು ಜಾಗ ಸಾಲದು. ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಕೋಳಿ ಜಾಲರಿ ಬಡಿದರೆ ಸಿಮೆಂಟು ಬೀಳುವುದು ತಡವಾಗಬಹುದು. ಅಷ್ಟರಲ್ಲಿ ಒಳಗಿನ ಮಣ್ಣು ಇನ್ನಷ್ಟು ಕೊಳೆತಿರುತ್ತದೆ.

ಗಾರೆ

ನಮ್ಮ ಕಡೆ ಪ್ಲಾಸ್ಟರಿಂಗ್ ಮಾಡುವವರನ್ನು ಇವತ್ತಿಗೂ ಗಾರೆ ಕೆಲಸದವರು ಎನ್ನುತ್ತೇವೆ. ಹೆಸರು ಉಳಿದಿದೆ, ಸುಣ್ಣ ಅರೆಯುವುದು ಹೋಗಿದೆ. ಎತ್ತು ಕಟ್ಟಿ ಕಲ್ಲಿನ ಚಕ್ರ ಉರುಳಿಸುತ್ತಿದ್ದ ಗಾರೆ ಗಾಣಗಳು ಈಗ ಕೆಲವು ದೇವಸ್ಥಾನಗಳ ಹತ್ತಿರ ಸುಮ್ನೆ ಬಿದ್ದಿವೆ. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರದ ಕಟ್ಟೆ, ಸುಣ್ಣದ ಗಾರೆಯ ಕಾಲದ್ದು. 2022ರಲ್ಲಿ ಅದು ತುಂಬಿ ಕೋಡಿ ಬಿದ್ದಾಗ ನೋಡಲು ಹೋದವರಲ್ಲಿ ನಾನೂ ಒಬ್ಬ. ಅಷ್ಟು ನೀರನ್ನು ತಡೆದು ನಿಂತ ಕಲ್ಲುಕಟ್ಟೆ ನೋಡಿದ ಮೇಲೆ ಸುಣ್ಣದ ಮೇಲೆ ನನಗಿದ್ದ ಅನುಮಾನ ಕಳೆಯಿತು.

ಸುಣ್ಣ ಗಟ್ಟಿಯಾಗುವ ಬಗೆಯೇ ಬೇರೆ. ಸುಣ್ಣದ ಕಲ್ಲು ಸುಟ್ಟಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ನೀರು ಹಾಕಿದರೆ ಕುದಿಯುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಇದಕ್ಕೆ ವಾರಗಳು, ಪೂರ್ತಿ ಬಲ ಬರಲು ತಿಂಗಳುಗಳು ಬೇಕು. ಈ ನಿಧಾನವೇ ಅದರ ಗುಣ. ಗೋಡೆ ಸ್ವಲ್ಪ ಕದಲಿದರೂ ಗಾರೆ ಜೊತೆಗೆ ಬಗ್ಗುತ್ತದೆ. ಸಣ್ಣ ಬಿರುಕು ಬಿದ್ದರೆ ಮಳೆ ನೀರಿನಲ್ಲಿ ಕರಗಿದ ಸುಣ್ಣವೇ ಅಲ್ಲಿ ಹರಳುಗಟ್ಟಿ ಮುಚ್ಚಿಕೊಳ್ಳುವುದೂ ಉಂಟು. ತೇವ ಆವಿಯಾಗಿ ಹೊರಗೆ ಹೋಗುತ್ತದೆ.

ನಾವು ಮಾಡಿದ್ದು ಹೀಗೆ. ಹಿತ್ತಲಲ್ಲಿ ಹಳೆ ನೀರಿನ ತೊಟ್ಟಿಗೆ ನೀರು ತುಂಬಿ, ಸುಟ್ಟ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪ ಹಾಕಿದೆವು. ಮೊದಲು ಏನೂ ಆಗಲಿಲ್ಲ. ಒಂದೆರಡು ನಿಮಿಷ ಬಿಟ್ಟು ಕಲ್ಲು ಬಿರಿಯಿತು, ನೀರು ಬುಳುಬುಳು ಕುದಿಯಿತು, ಆವಿ ಎದ್ದು ಹತ್ತಿರ ನಿಲ್ಲಲು ಆಗಲಿಲ್ಲ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ತಣ್ಣಗಾದ ಮೇಲೆ ಜರಡಿ ಹಿಡಿದು, ಮೇಲೆ ಒಂದು ಗೇಣು ನೀರು ನಿಲ್ಲಿಸಿ ಒಂದು ತಿಂಗಳು ಬಿಟ್ಟೆವು. ತೆಗೆದಾಗ ಬೆಣ್ಣೆಯ ಹಾಗೆ ಕರಣೆಗೆ ಅಂಟುತ್ತಿತ್ತು. ಅಂಗಡಿಯಲ್ಲಿ ಸಿಗುವ ಸುಣ್ಣದ ಪುಡಿಯೂ ಆಗುತ್ತದೆ, ಆದರೆ ಚೀಲ ಹೊಸದಿರಬೇಕು. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಪುಡಿ ಆಗಲೇ ಗಾಳಿ ಕುಡಿದು ಸತ್ತಿರುತ್ತದೆ, ಗೋಡೆ ಮೇಲೆ ಗಟ್ಟಿಯಾಗುವುದಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಹೊರಗೋಡೆಗೆ ಮತ್ತು ತೇವ ಏರುವ ಬುಡಕ್ಕೆ ಆ ಮರಳಿನಲ್ಲಿ ಒಂದು ಪಾಲು ಕಡಿಮೆ ಮಾಡಿ ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಸೇರಿಸಿದೆವು. ಸುರ್ಕಿಯಿಂದ ಗಾರೆ ತೇವದಲ್ಲೂ ಬಿಗಿಯುತ್ತದೆ. ಅದಕ್ಕೆ ಚೆನ್ನಾಗಿ ಸುಟ್ಟ ಇಟ್ಟಿಗೆಗಿಂತ ಹದವಾಗಿ ಬೆಂದ ಮೆತ್ತನೆ ಇಟ್ಟಿಗೆ ಉತ್ತಮ. ಮೇಸ್ತ್ರಿ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಹಾಕಿಸಿದರು. ಗೋಡೆಯ ಸಂದುಗಳನ್ನು ಅರ್ಧ ಇಂಚು ಕೆದಕಿ, ದೂಳು ಗುಡಿಸಿ, ನೀರು ಚಿಮುಕಿಸಿ, ಮೊದಲ ಪದರ ಅರ್ಧ ಇಂಚಿಗಿಂತ ಕಡಿಮೆ. ಎಂಟು ಹತ್ತು ದಿನ ಬಿಟ್ಟು ಎರಡನೆಯದು. ಕೊನೆಗೆ ತೆಳು ನುಣುಪು. ಮಾರನೇ ದಿನ ಸಣ್ಣ ಬಿರುಕು ಕಂಡರೆ ಗಾಬರಿ ಬೇಡ. ಮರದ ಹಲಗೆಯಿಂದ ಒತ್ತಿ ಉಜ್ಜಿದರೆ ಕೂಡಿಕೊಳ್ಳುತ್ತದೆ. ಒಂದು ಚದರಕ್ಕೆ ಮುಕ್ಕಾಲು ಇಂಚು ದಪ್ಪಕ್ಕೆ ಸುಮಾರು 6ರಿಂದ 7 ಘನ ಅಡಿ ಮರಳು, 2ರಿಂದ 2.5 ಘನ ಅಡಿ ಸುಣ್ಣ ಬೇಕಾಗುತ್ತದೆ. ಕಲ್ಲುಗೋಡೆಯ ಗುಂಡಿಗಳಿಗೆ ಇನ್ನೂ ಜಾಸ್ತಿ. ಆದರೆ ದೊಡ್ಡ ಗುಂಡಿಯನ್ನು ಬರೀ ಗಾರೆಯಿಂದ ತುಂಬಬೇಡಿ, ಕಲ್ಲಿನ ಚಕ್ಕೆ ಇಟ್ಟು ತುಂಬಿಸಿ.

ಇದರ ಕಷ್ಟಗಳೂ ಇವೆ. ಸಿಮೆಂಟಿಗಿಂತ ಕೂಲಿ ಜಾಸ್ತಿ, ದಿನಗಳಂತೂ ದುಪ್ಪಟ್ಟಿಗೂ ಜಾಸ್ತಿ. ಕೈ ತಿಳಿದ ಮೇಸ್ತ್ರಿ ಸಿಗುವುದು ಕಷ್ಟ. ಹಳೆ ದೇವಸ್ಥಾನ ದುರಸ್ತಿ ಮಾಡಿದವರನ್ನು ಹುಡುಕಿ ಕೇಳಿದರೆ ದಾರಿ ಸಿಗುತ್ತದೆ. ನಮಗೆ ಸಿಕ್ಕಿದ್ದೂ ಹಾಗೆಯೇ. ಕೆಲಸ ಅವಸರದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಗಾರೆ ಕೊಡಬೇಡಿ.

ಒಂದು ನಡುದಾರಿ ಇದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ಸಿಮೆಂಟು ಒಂದು, ಸುಣ್ಣ ಎರಡು, ಮರಳು ಒಂಬತ್ತು ಪಾಲಿನ ಮಿಶ್ರಣ ಬಳಸಬಹುದು. ಬೇಗ ಬಿಗಿಯುತ್ತದೆ, ಸಾಮಾನ್ಯ ಮೇಸ್ತ್ರಿಯೂ ಮಾಡಬಲ್ಲ. ಒಣ ಗೋಡೆಗೆ ಇದನ್ನು ಒಪ್ಪುತ್ತೇನೆ. ಮಣ್ಣಿನ ಗೋಡೆಗೆ ಒಪ್ಪುವುದಿಲ್ಲ.

ಮಣ್ಣು

ದುರ್ಗದ ಕೋಟೆಗೆ ಹೋದಾಗ ಬಹಳ ಜನ ಕಲ್ಲು ನೋಡಿ ಬರುತ್ತಾರೆ. ಹಿಂದೆ ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆಯ ಕಡೆ ಹೋಗಿ ನಿಂತು ನೋಡಿ. ಮಣ್ಣಿನ ಎತ್ತರದ ಗೋಡೆಗಳು ಸೂರಿಲ್ಲದೆ ನಿಂತಿವೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ. ನಾಯಕರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆ ಕಾಲದ ಮಣ್ಣನ್ನು ಇವತ್ತೂ ನೋಡಬಹುದು. ಮಳೆ ಕಡಿಮೆ ಇರುವ ನಮ್ಮ ಸೀಮೆಗೆ ಮಣ್ಣು ಹೇಳಿ ಮಾಡಿಸಿದ್ದು.

ಮಣ್ಣಿನ ಮೆತ್ತಿಗೆಗೆ ಕೆಂಪು ಮಣ್ಣು ಬೇಕು. ಎರೆ ಮಣ್ಣು ಬೇಡ, ಒಣಗಿದಾಗ ಹೊಲ ಬಿರಿಯುವ ಹಾಗೆಯೇ ಗೋಡೆಯೂ ಬಿರಿಯುತ್ತದೆ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ಕೂರುತ್ತದೆ, ಜೇಡಿ ಕೂರಲು ಒಂದು ದಿನ ಹಿಡಿಯುತ್ತದೆ. ಜೇಡಿ ಐದರಲ್ಲಿ ಒಂದು ಪಾಲಿನಷ್ಟಿದ್ದರೆ ಹದ. ಜಾಸ್ತಿ ಇದ್ದರೆ ಮರಳು ಸೇರಿಸಿ. ಕತ್ತರಿಸಿದ ಹುಲ್ಲು, ಸಗಣಿ ಹಾಕಿ ತುಳಿದು, ಒಂದು ವಾರ ಒದ್ದೆಯಾಗಿ ಹುಳಿಯಲು ಬಿಡಿ. ವಾಸನೆ ಬರುತ್ತದೆ, ಒಣಗಿದ ಮೇಲೆ ಹೋಗುತ್ತದೆ. ಒಂದು ಮೊಳ ಜಾಗಕ್ಕೆ ಮೆತ್ತಿ ನಾಲ್ಕು ದಿನ ನೋಡಿ, ಬಿರಿಯದಿದ್ದರೆ ಮುಂದುವರಿಸಿ.

ಖರ್ಚು ಎಲ್ಲಕ್ಕಿಂತ ಕಡಿಮೆ. ನಾವು ನಮ್ಮ ಪಡಸಾಲೆಯ ಒಳಗೋಡೆಗೆ ಮಣ್ಣನ್ನೇ ಮೆತ್ತಿ ಮೇಲೆ ಸುಣ್ಣ ಬಳಿದೆವು. ಅಮ್ಮನಿಗೆ ಅದೇ ಹೆಚ್ಚು ಇಷ್ಟ. ಆದರೆ ಮಳೆಯ ಎರಚಲು ಹೊಡೆಯುವ ಹೊರಗೋಡೆಗೆ ಮಣ್ಣು ಮೆತ್ತಿದರೆ ವರ್ಷ ವರ್ಷ ಸಾರಿಸಬೇಕು. ಅದು ಆಗದ ಮಾತು ಅನ್ನಿಸಿದರೆ ಹೊರಗೆ ಗಾರೆ ಮಾಡಿಸಿ. ಗೆದ್ದಲು ಇರುವ ಮನೆಯಲ್ಲಿ ಮೊದಲು ಅದಕ್ಕೆ ಮದ್ದು ಮಾಡಿ.

ಜಿಪ್ಸಮ್

ನುಣುಪು ಬೇಕು, ಬೇಗ ಮುಗಿಯಬೇಕು ಎನ್ನುವವರಿಗೆ. ನೀರು ಹೊಡೆಯುವ ಕೆಲಸವೇ ಇಲ್ಲ. ಒಣಗಿದ ಇಟ್ಟಿಗೆ ಗೋಡೆಯ ಒಳಬದಿಗೆ ಮಾತ್ರ. ತೇವ ತಗುಲಿದರೆ ಮೆತ್ತಗಾಗಿ ಉದುರುತ್ತದೆ. ಹಳೆ ಮನೆಯ ಕೆಳಗಿನ ಮೂರಡಿಗೆ ನಾನಂತೂ ಹಾಕಿಸುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾರೆ ಅಥವಾ ಮಣ್ಣಿನ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಪಟ್ಟ ಶ್ರಮವೆಲ್ಲ ಹೋಯಿತು. ಅದೂ ಬೆವರನ್ನು ತಡೆಯುತ್ತದೆ. ಹಾಲಿನ ಹಾಗೆ ತೆಳ್ಳಗೆ ಮಾಡಿದ ಸುಣ್ಣವನ್ನು ಮೂರು ಸಲ ಬಳಿಸಿ. ಸ್ವಲ್ಪ ಗೋಂದು ಸೇರಿಸಿದರೆ ಬಟ್ಟೆಗೆ ಮೆತ್ತುವುದು ಕಡಿಮೆಯಾಗುತ್ತದೆ.

ಬಿಸಿಲಿಗೆ: ದಪ್ಪ ಗೋಡೆಗೆ ಹೊದಿಕೆ ಬೇಕೇ?

ಏಪ್ರಿಲ್‌ನಲ್ಲಿ ನಮ್ಮ ಎರಡೂ ಊರುಗಳಲ್ಲಿ ಬಿಸಿ 38 ಡಿಗ್ರಿ ಮುಟ್ಟುವುದು ಸಾಮಾನ್ಯ. ಬಿಸಿ ತಡೆಯಲು ಗೋಡೆಗೆ ಥರ್ಮಾಕೋಲ್ ಹಾಕಿಸಿ, ಬೋರ್ಡ್ ಹಾಕಿಸಿ ಎಂದು ಹೇಳುವವರು ಈಗ ಬಹಳ. ಹಾಕಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸಂಜೆ ಏಳು ಗಂಟೆಗೆ ಪಡುವಣ ಗೋಡೆಯ ಒಳಬದಿಗೆ ಅಂಗೈ ಇಡಿ. ನಮ್ಮ ಮನೆಯ ಹಿಂದಿನ ಕೋಣೆಯ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಆ ಹೊತ್ತಿಗೆ ಬಿಸಿ ರೊಟ್ಟಿ ಹೆಂಚಿನ ಪಕ್ಕ ನಿಂತ ಹಾಗೆ ಶಾಖ ಹೊಡೆಯುತ್ತಿತ್ತು. ನಡುಮನೆಯ ಒಂದೂವರೆ ಅಡಿ ಗೋಡೆ ತಣ್ಣಗಿತ್ತು.

ಕಾರಣ ಸುಲಭ. ದಪ್ಪ ಗೋಡೆಯನ್ನು ದಾಟಲು ಬಿಸಿಗೆ ಸುಮಾರು ಹತ್ತು ಗಂಟೆ ಬೇಕು. ಮಧ್ಯಾಹ್ನದ ಬಿಸಿಲು ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಹೊರಗೆ ಗಾಳಿ ತಂಪಾಗಿರುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಹಗಲಿಗೂ ರಾತ್ರಿಗೂ ಬಿಸಿಯಲ್ಲಿ ದೊಡ್ಡ ಅಂತರ ಇರುವುದರಿಂದ ಇದು ಚೆನ್ನಾಗಿ ನಡೆಯುತ್ತದೆ. ಹಿರಿಯರು ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ, ಜಗುಲಿ ಮೇಲೆ ಮಲಗುತ್ತಿದ್ದದ್ದು, ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುತ್ತಿದ್ದದ್ದು ಈ ಲೆಕ್ಕಕ್ಕೇ. ಇಂಥ ಗೋಡೆಗೆ ಒಳಗಿನಿಂದ ಥರ್ಮಾಕೋಲ್ ಅಥವಾ ಕಲ್ಲಿನ ನಾರಿನ ರಾಕ್‌ವೂಲ್ ಹಾಕಿ ಬೋರ್ಡ್ ಮುಚ್ಚಿದರೆ ಗೋಡೆಯ ತಂಪು ಗೋಡೆಯಲ್ಲೇ ಉಳಿಯುತ್ತದೆ, ನಿಮಗೆ ಸಿಗುವುದಿಲ್ಲ. ಮೇಲಾಗಿ ತೇವ ಬೋರ್ಡಿನ ಹಿಂದೆ ಸೇರಿ ಬೂಷ್ಟು ಹಿಡಿಯುತ್ತದೆ. ದಪ್ಪ ಕಲ್ಲು ಮಣ್ಣಿನ ಗೋಡೆಗೆ ಹೊದಿಕೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ತೆಳು ಇಟ್ಟಿಗೆ ಗೋಡೆಯ ಮಾತು ಬೇರೆ. ಅಲ್ಲೂ ಮೊದಲು ಮೇಲೆ ನೋಡಿ. ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮ ಊರಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಒಂದೇ ಅಂತಸ್ತಿನ ಮನೆಗೆ ಜಾಸ್ತಿ ಬಿಸಿ ಬರುವುದು ತಾರಸಿಯಿಂದ. ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಿದವರಿಗೆಲ್ಲ ಇದು ಗೊತ್ತು. ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಆದರೆ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ಶಿವರಾತ್ರಿಯ ಹೊತ್ತಿಗೆ ಮತ್ತೆ ಬಳಿಯಬೇಕು. ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಪೇಂಟ್ ಕೆಲವು ವರ್ಷ ಇರುತ್ತದೆ, ದೂಳು ಕೂತರೆ ಗುಣ ಕಡಿಮೆಯಾಗುತ್ತದೆ, ತೊಳೆಯುತ್ತಿರಬೇಕು. ಒಡೆದ ಬಿಳಿ ಟೈಲ್ಸ್ ಹಾಸುವುದು ದುಬಾರಿ, ಆದರೆ ಬಹಳ ವರ್ಷ ಬಾಳುತ್ತದೆ. ನಾವು ಹಿಂದಿನ ಕೋಣೆಗೆ ಟೈಲ್ಸ್ ಹಾಸಿದೆವು.

ತಾರಸಿ ಆದ ಮೇಲೂ ಸಾಲದಿದ್ದರೆ ಪಡುವಣ ಗೋಡೆ. ಇಲ್ಲಿ ಮೂರು ದಾರಿ.

ಹೊರಗಿನಿಂದ ಥರ್ಮಾಕೋಲ್ ಹಲಗೆ ಅಂಟಿಸಿ, ಅದರ ಮೇಲೆ ನಾರಿನ ಜಾಲರಿ, ತೆಳು ಪ್ಲಾಸ್ಟರ್. ಒಂದು ಇಂಚು ಥರ್ಮಾಕೋಲ್ ತಡೆಯುವ ಶಾಖವನ್ನು ತಡೆಯಲು ಸುಮಾರು 20 ಇಂಚು ಇಟ್ಟಿಗೆ ಬೇಕು. ಹಾಗಾಗಿ ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ. ಆದರೆ ಅದು ಬೆಂಕಿಗೆ ಕರಗುತ್ತದೆ, ಉರಿದರೆ ದಟ್ಟ ಹೊಗೆ. ಹಂಡೆ ಒಲೆಯ ಬಚ್ಚಲ ಗೋಡೆಗೆ, ಸೌದೆ ಒಲೆಯ ಗೋಡೆಗೆ ಬೇಡ. ಬುಡದಲ್ಲಿ ಬಾಯಿ ಬಿಟ್ಟರೆ ಇಲಿ, ಇರುವೆ ಗೂಡು ಮಾಡುತ್ತವೆ. ಕೆಲಸ ತಿಳಿದವರಿಂದಲೇ ಮಾಡಿಸಬೇಕು.

ಎರಡನೆಯದು, ಎರಡು ಇಂಚು ಸಂದು ಬಿಟ್ಟು ಹೊರಗೆ ನಾಲ್ಕು ಇಂಚಿನ ಎಎಸಿ ಬ್ಲಾಕಿನ, ಅಂದರೆ ಮೈತುಂಬ ಗಾಳಿಗುಳ್ಳೆ ಇರುವ ಹಗುರ ಬ್ಲಾಕಿನ ಇನ್ನೊಂದು ಗೋಡೆ. ನಾಲ್ಕು ಇಂಚು ಎಎಸಿ ಬ್ಲಾಕ್ ಸುಮಾರು 16 ಇಂಚು ಇಟ್ಟಿಗೆಯಷ್ಟು ಶಾಖ ತಡೆಯುತ್ತದೆ. ಬೆಂಕಿಗೆ ಹೆದರಬೇಕಿಲ್ಲ, ಇಲಿಗೂ ಇಲ್ಲ. ಆದರೆ ಅದಕ್ಕೆ ಬೇರೆ ಬುನಾದಿ ಬೇಕು, ಆರೇಳು ಇಂಚು ಜಾಗ ಬೇಕು. ಪಕ್ಕದ ಮನೆಗೆ ಅಂಟಿಕೊಂಡ ಪೇಟೆ ಮನೆಗಳಲ್ಲಿ ಆಗದು.

ಮೂರನೆಯದು ನೆರಳು. ಪಡುವಣಕ್ಕೆ ಚಪ್ಪರ, ಬಳ್ಳಿ, ಜಾಗ ಇದ್ದರೆ ಹೊಂಗೆ ಮರ. ಬಿಸಿಲು ಗೋಡೆಗೆ ಬೀಳದಿದ್ದರೆ ತಡೆಯುವ ಪ್ರಶ್ನೆಯೇ ಇಲ್ಲ. ನಾವು ಮಾಡಿದ್ದು ಇದನ್ನೇ. ಗೋಡೆಯಿಂದ ಎರಡಡಿ ದೂರಕ್ಕೆ ಕಂಬ ನೆಟ್ಟು, ತಂತಿ ಎಳೆದು ಹೀರೆ ಬಳ್ಳಿ ಹಬ್ಬಿಸಿದೆವು. ಎರಡನೇ ಬೇಸಿಗೆಗೆ ಮಲ್ಲಿಗೆಯೂ ಹಬ್ಬಿತು. ಈಗ ಸಂಜೆ ಏಳಕ್ಕೆ ಅಂಗೈ ಇಟ್ಟರೆ ಗೋಡೆ ಬೆಚ್ಚಗಿರುತ್ತದೆ ಅಷ್ಟೆ. ಬಳ್ಳಿ ಗೋಡೆಗೇ ಅಂಟಿಕೊಂಡು ಬೆಳೆಯಲು ಮಾತ್ರ ಬಿಡಬೇಡಿ, ಬೇರು ಗಾರೆಯ ಸಂದಿಗೆ ಇಳಿಯುತ್ತದೆ.

ದಾವಣಗೆರೆಯವರಿಗೆ

ನಮ್ಮ ಚಿಕ್ಕಮ್ಮನ ಮನೆ ದಾವಣಗೆರೆಯಲ್ಲಿ. ಇಟ್ಟಿಗೆ ಗಾರೆಯ ಹಳೆ ಮನೆ. ನಮ್ಮ ಗೋಡೆ ಆದ ಮೇಲೆ ಅವರು ಫೋನ್ ಮಾಡಿ, "ಬಾರೋ, ನಮ್ಮನೇದೂ ಒಂಚೂರು ನೋಡು. ಹೊಸ ಪೇಂಟ್ ಹೊಡೆಸಿ ವರ್ಷ ಆಗಿಲ್ಲ, ಆಗಲೇ ಹಪ್ಪಳ ಎದ್ದೈತಿ" ಎಂದರು. ಅಲ್ಲಿ ಹೋದಾಗ ಗೊತ್ತಾಯಿತು, ದುರ್ಗದ ಲೆಕ್ಕ ಅಲ್ಲಿ ಹಾಗೇ ನಡೆಯುವುದಿಲ್ಲ. ದುರ್ಗದ ಗಟ್ಟಿ ಬಂಡೆ ನೆಲದ ಮನೆಗೂ, ಭದ್ರಾ ಕಾಲುವೆ ಹರಿಯುವ, ಎರೆ ಮಣ್ಣು ಇರುವ ಕಡೆಯ ಮನೆಗೂ ವ್ಯತ್ಯಾಸ ಇದೆ. ಎರೆ ಮಣ್ಣು ನೀರು ಹಿಡಿದುಕೊಳ್ಳುತ್ತದೆ, ಬುಡದ ತೇವ ಬೇಗ ಆರುವುದಿಲ್ಲ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಯಲ್ಲಿ ಓರೆ ಬಿರುಕೂ ಬೀಳುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ನಾಲ್ಕಡಿ ಎತ್ತರದವರೆಗೆ ಪುಟ್ಟಿ, ಪೇಂಟ್, ಸಿಮೆಂಟ್ ಎಲ್ಲ ಕೆರೆಸಿದೆವು. ಗೋಡೆಯನ್ನು ಬರೀ ಮೈಯಲ್ಲಿ ಒಂದು ಬೇಸಿಗೆ ಪೂರ್ತಿ ಬಿಟ್ಟೆವು. ಬಂದವರೆಲ್ಲ ಕೇಳುತ್ತಿದ್ದರು, ಚಿಕ್ಕಮ್ಮ ಬೇಸರ ಮಾಡಿಕೊಂಡರೂ ತಡೆದುಕೊಂಡರು. ಉಪ್ಪು ಮೇಲೆ ಬಂದ ಹಾಗೆ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಗೆ ಹಾಕಿದೆವು. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಕೆಳಗಿನ ಭಾಗಕ್ಕೆ ಸುರ್ಕಿ ಗಾರೆ, ಮೇಲಕ್ಕೆ ಸುಣ್ಣ ಸಿಮೆಂಟಿನ ಮಿಶ್ರಣ. ಬುಡದಲ್ಲಿ ಮುಂದೆಯೂ ಸ್ವಲ್ಪ ಉಪ್ಪು ಬರುತ್ತದೆ ಎಂದು ಮೊದಲೇ ಹೇಳಿದ್ದೆವು. ನಾಲ್ಕೈದು ವರ್ಷಕ್ಕೊಮ್ಮೆ ಆ ಪಟ್ಟಿಯನ್ನಷ್ಟೇ ಕೆರೆದು ಹೊಸದು ಹಚ್ಚಿದರಾಯಿತು. ಗಾರೆ ಉದುರಿದರೂ ಇಟ್ಟಿಗೆ ಉಳಿಯುತ್ತದೆ, ಅದು ಮುಖ್ಯ. ಓರೆ ಬಿರುಕು ಬೆರಳು ತೂರುವಷ್ಟಿದ್ದರೆ ಪ್ಲಾಸ್ಟರ್ ವಿಷಯ ಬಿಟ್ಟು ಮೊದಲು ಎಂಜಿನಿಯರ್‌ಗೆ ತೋರಿಸಿ.

ಯಾರಿಗೆ ಯಾವುದು, ಯಾವಾಗ

ಕಲ್ಲು ಮಣ್ಣಿನ ಗೋಡೆಯಾದರೆ ಹೊರಗೆ ಗಾರೆ, ಒಳಗೆ ಗಾರೆ ಅಥವಾ ಮಣ್ಣು. ದುಡ್ಡು ಈಗ ಸಾಲದಿದ್ದರೆ ಬಿದ್ದ ಜಾಗಕ್ಕೆ ಮಣ್ಣು ಮೆತ್ತಿ ಸುಣ್ಣ ಬಳಿದು ಕಾಯಿರಿ. ಸಿಮೆಂಟು ಹಾಕಿ ಆಮೇಲೆ ಕೀಳಿಸುವುದಕ್ಕಿಂತ ಅದು ಎಷ್ಟೋ ಮೇಲು, ಯಾಕೆಂದರೆ ಕೀಳುವಾಗ ಸಿಮೆಂಟು ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಇಟ್ಟಿಗೆ ಗಾರೆಯ ಗೋಡೆಯಾದರೆ ಗಾರೆ ಅಥವಾ ಮಿಶ್ರಣ. ಇಟ್ಟಿಗೆ ಸಿಮೆಂಟಾದರೆ ಸಿಮೆಂಟೇ ಸಾಕು, ಗಾರೆಗೆ ದುಡ್ಡು ಹಾಕಬೇಡಿ. ಈಗಿರುವ ಸಿಮೆಂಟು ತಟ್ಟಿದರೆ ಗಟ್ಟಿ ಸದ್ದು ಕೊಡುತ್ತಿದ್ದು, ಒಣಗಿದ್ದರೆ ಯಾವ ಗೋಡೆಯಾದರೂ ಸದ್ಯಕ್ಕೆ ಮುಟ್ಟಬೇಡಿ.

ಮೇಸ್ತ್ರಿ ಜೊತೆ ಚದರದ ಲೆಕ್ಕದಲ್ಲಿ ಮಾತಾಡಿ. ಹಳೆಯದನ್ನು ಕೆರೆಯುವುದು, ಸಂದು ತುಂಬುವುದು, ಅಟ್ಟಣಿಗೆ, ಕಸ ಸಾಗಿಸುವುದು ಇದರಲ್ಲಿ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಎಷ್ಟು ಪದರ, ಪದರದ ನಡುವೆ ಎಷ್ಟು ದಿನ ಎಂಬುದನ್ನೂ ಬರೆಸಿ. ಒಂದು ಗೋಡೆ ಮಾಡಿಸಿ, ಹದಿನೈದು ದಿನ ನೋಡಿ, ಆಮೇಲೆ ಉಳಿದದ್ದು ಕೊಡಿ.

ಗಾರೆಗೆ ದೀಪಾವಳಿ ಕಳೆದ ಮೇಲಿನ ಮೂರು ತಿಂಗಳು ಒಳ್ಳೆಯದು. ಮಳೆಗಾಲದಲ್ಲಿ ಆರುವುದಿಲ್ಲ, ಬೇಸಿಗೆಯಲ್ಲಿ ಬೇಗ ಆರಿ ಬಿರಿಯುತ್ತದೆ. ದುರ್ಗದಲ್ಲಿ ಬಿಸಿಲಿನಷ್ಟೇ ಗಾಳಿಗೂ ಹೆದರಬೇಕು. ಬೆಟ್ಟದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು, ಹಸಿ ಗಾರೆಯನ್ನು ಒಂದೇ ಮಧ್ಯಾಹ್ನದಲ್ಲಿ ಒಣಗಿಸಿಬಿಡುತ್ತದೆ. ನಾವು ಅಟ್ಟಣಿಗೆಗೆ ಗೋಣಿಚೀಲ ಇಳಿಬಿಟ್ಟು, ದಿನಕ್ಕೆ ಮೂರು ಸಲ ಅದನ್ನು ಒದ್ದೆ ಮಾಡುತ್ತಿದ್ದೆವು. ಗೋಡೆಗೆ ಪೈಪಿನಿಂದ ಜೋರಾಗಿ ನೀರು ಬಿಡಬಾರದು, ಔಷಧಿ ಹೊಡೆಯುವ ಕೈಪಂಪಿನಿಂದ ಮಂಜಿನ ಹಾಗೆ ಸಿಂಪಡಿಸಬೇಕು. ಪಂಪು ಹೊಸದೇ ಇರಲಿ, ಹೊಲಕ್ಕೆ ಬಳಸಿದ್ದು ಬೇಡ. ಹತ್ತು ದಿನ ಹೀಗೆ ನೋಡಿಕೊಂಡು, ಹನ್ನೊಂದನೇ ದಿನ ಗೋಣಿ ತೆಗೆದು ಎರಡನೇ ಪದರಕ್ಕೆ ಮೇಸ್ತ್ರಿಯನ್ನು ಕರೆಸಿ.